ಭಟ್ಟರ ಚೀಲ, ಕೂಸಿನ ಚೀಲ

ಮೊನ್ನೆ ಮಗಳು ಯಲ್ಲಾಪುರದಿಂದ ಬರುವಾಗ ಆರು ತಿಂಗಳ ಮೊಮ್ಮಗಳ ಜೊತೆಗೆ ಒಂದು ಚೀಲವನ್ನೂ ತಂದಳು. ಎರಡರಲ್ಲಿ ಚೀಲವೇ ದೊಡ್ಡದು. ಎಲ್ಲಿ ಕೈಹಾಕಿದರೂ ಒಂದು ಜಿಪ್ಪು, ಆ ಜಿಪ್ಪಿನೊಳಗೆ ಇನ್ನೊಂದು. ಬಿಸಿನೀರಿಗೆ ಬೇರೆ ಗೂಡು, ಒದ್ದೆಬಟ್ಟೆಗೆ ಬೇರೆ ಗೂಡು, ಯಾವುದಕ್ಕೂ ಅಲ್ಲದ ಗೂಡುಗಳು ಬೇರೆ. ಮರುದಿನ ಅವಳಿಗೆ ಶಿರಸಿಯಲ್ಲಿ ಇಡೀ ದಿನದ ಶಿಕ್ಷಕರ ತರಬೇತಿ. ಅವಳು ಒಳಗೆ ಕೂತಿರುವಷ್ಟು ಹೊತ್ತು ಕೂಸನ್ನು ಹೊರಗೆ ನೋಡಿಕೊಳ್ಳುವ ಕೆಲಸ ನನ್ನದು. ಯಾವ ಗೂಡಿನಲ್ಲಿ ಏನಿದೆ ಎಂದು ನನಗೆ ಪಾಠ ಹೇಳಲು ಮಗಳು ಒಂದೊಂದೇ ಜಿಪ್ಪು ಎಳೆಯುತ್ತ ಹೋದಳು. ನಾನು ಹಿಂದಿನ ಬೆಂಚಿನ ಹುಡುಗನ ಹಾಗೆ ತಲೆಯಾಡಿಸುತ್ತಿದ್ದೆ. ಕೊನೆಯ ಗೂಡಿನಿಂದ ಹಳೇ ಸೀರೆ ಹರಿದು ಮಾಡಿದ ಬಟ್ಟೆಗಳು ಹೊರಬಂದವು, ಅವುಗಳ ಜೊತೆಗೆ ಬಿಸಿಲಿಗೆ ಒಣಗಿದ ಮೆತ್ತನೆ ಹತ್ತಿಯ ವಾಸನೆ. ಅಷ್ಟು ಹೊಸ ಚೀಲದಲ್ಲಿ ಅಷ್ಟು ಹಳೆಯ ವಾಸನೆ. ನನಗೆ ಪಾಠ ಮರೆತೇ ಹೋಯಿತು.

ಈ ವಾಸನೆ ಬಂದರೆ ನಾನು ಒಂದು ಕಥೆ ಹೇಳುತ್ತೇನೆ. ಮನೆಯವರಿಗೆಲ್ಲ ಅದು ಬಾಯಿಪಾಠ. ಮದುವೆಮನೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಹಲ್ಲು ಕೀಳಿಸಿಕೊಳ್ಳಲು ಕಾದು ಕೂತಲ್ಲಿ ಕೂಡ ಹೇಳಿದ್ದೇನೆ. ಈಗ ನೀವು ಸಿಕ್ಕಿದ್ದೀರಿ. ಆದರೆ ಇಷ್ಟು ವರ್ಷ ಹೇಳಿದ ಕಥೆಯನ್ನು ಇವತ್ತು ಸ್ವಲ್ಪ ಬೇರೆಯಾಗಿ ಹೇಳಬೇಕಾಗಿದೆ. ಕಾರಣ ಕೊನೆಯಲ್ಲಿ ನಿಮಗೇ ತಿಳಿಯುತ್ತದೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಕಾನಸೂರಿನಲ್ಲಿ ನಮ್ಮ ಮನೆ, ಅಲ್ಲಿನ ಸೊಸೈಟಿಯಲ್ಲಿ ನಾನು ಗುಮಾಸ್ತ. ಹೆಂಡತಿ ಭಾರತಿ ಬಿ.ಎ. ಓದುತ್ತಿದ್ದಾಗಲೇ ನಮ್ಮ ಮದುವೆಯಾಯಿತು. ಕೊನೆಯ ವರ್ಷದ ಪರೀಕ್ಷೆಯ ಹೊತ್ತಿಗೆ ಅವಳಿಗೆ ವಾಂತಿ ಶುರುವಾಗಿ ಆ ವರ್ಷ ಹೋಯಿತು. ಮುಂದಿನ ವರ್ಷ ಮನೆಯಲ್ಲಿ ಏಳು ತಿಂಗಳ ಕೂಸು. ಹಳೇ ಪಠ್ಯದವರಿಗೆ ಇದೇ ಕೊನೆಯ ಅವಕಾಶ, ಇದು ತಪ್ಪಿದರೆ ಮೊದಲಿನಿಂದ ಓದಬೇಕು ಎಂದು ಕಾಲೇಜಿನಲ್ಲಿ ಹೇಳಿದ್ದರು. ಮೊದಲಿನಿಂದ ಓದುವುದು ಎಂದರೆ ಓದದೇ ಇರುವುದು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಕೂಸನ್ನು ತೊಟ್ಟಿಲಲ್ಲಿ ತೂಗುತ್ತ, ಕಾಲಿನಿಂದ ಹಗ್ಗ ಎಳೆಯುತ್ತ, ಕೈಯಲ್ಲಿ ಪುಸ್ತಕ ಹಿಡಿದು ಅವಳು ಓದಿದ್ದಳು. ಅರ್ಥಶಾಸ್ತ್ರವನ್ನು ಗಟ್ಟಿಯಾಗಿ ಓದಿದರೆ ಕೂಸು ಬೇಗ ನಿದ್ದೆ ಹೋಗುತ್ತಿತ್ತು. ನನಗೂ ಹಾಗೇ ಆಗುತ್ತಿತ್ತು.

ಮೊದಲ ಪೇಪರುಗಳಿಗೆಲ್ಲ ನಮ್ಮ ಆಯಿ, ಅಂದರೆ ನನ್ನ ತಾಯಿ, ಸೊಸೆಯ ಜೊತೆ ಶಿರಸಿಗೆ ಹೋಗಿ ಕೂಸನ್ನು ನೋಡಿಕೊಂಡಿದ್ದಳು. ಕೊನೆಯ ದಿನ ಎರಡು ಪೇಪರು, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಅದರ ಹಿಂದಿನ ದಿನ ಆಯಿ ಬಚ್ಚಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಳು. ಪಾದ ಕುಂಬಳಕಾಯಿಯಂತೆ ಊದಿತು. ಇನ್ನುಳಿದವನು ನಾನೊಬ್ಬನೇ. ಕೂಸನ್ನು ಎತ್ತಿಕೊಂಡರೆ ಎಲ್ಲಿ ಜಾರೀತೋ ಎಂದು ಉಸಿರು ಬಿಗಿಹಿಡಿಯುತ್ತಿದ್ದ ಗಂಡಸು.

ಭಾರತಿ ನನಗೆ ಹೇಳಿದ್ದು ಒಂದೇ ಮಾತು. "ಒಳಗೆ ಯಂಗೆ ಕೂಸು ಕೂಗಿದ್ದು ಕೇಳ್ಲಾಗ. ಕೇಳಿರೆ ಆನು ಕೂರ್ತಿಲ್ಲೆ, ಪೇಪರ್ ಕೊಟ್ಟು ಎದ್ದು ಬತ್ತೆ. ಈಗಲೇ ಹೇಳಿದ್ದೆ."

ಕೂಸಿನ ಅಳು ತನಗೆ ಕೇಳಿದರೆ ಎದ್ದು ಬರುತ್ತೇನೆ ಎಂದು ಹೆದರಿಸಲು ಹೇಳಿದ್ದಲ್ಲ ಅದು. ತನ್ನನ್ನು ತಾನು ಬಲ್ಲವಳು ಹೇಳಿದ್ದು. ಹಾಗಾಗಿ ಒಂದು ದಿನದ ಮಟ್ಟಿಗೆ ಅವಳ ಓದೆಲ್ಲ ನನ್ನ ಕೈಗೆ ಬಂತು.

ಆ ಸಂಜೆ ಆಯಿ ಊದಿದ ಕಾಲನ್ನು ಮಣೆಯ ಮೇಲೆ ಚಾಚಿ ಕೂಸಿನ ಚೀಲ ತುಂಬಲು ಕೂತಳು. ನಾನು ಮೊದಲ ಸಲ ಎದುರು ಕೂತು ಅದನ್ನು ನೋಡಿದೆ. ಅದುವರೆಗೆ ಚೀಲ ಎಂದರೆ ಸಾಮಾನು ತುರುಕುವುದು ಎಂದುಕೊಂಡಿದ್ದೆ. ಆಯಿ ತುರುಕಲಿಲ್ಲ. ಇಡೀ ನಾಳೆಯ ದಿನವನ್ನು ಹಿಂದುಮುಂದಾಗಿ ಅದರೊಳಗೆ ಇಳಿಸುತ್ತ ಹೋದಳು. ಸಂಜೆ ಬೇಕಾಗುವ ಕುಲಾಯಿ ಮತ್ತು ಹೊದಿಕೆ ಅಡಿಗೆ. ಅದರ ಮೇಲೆ ಮಧ್ಯಾಹ್ನದ ಬಟ್ಟೆ. ಅದರ ಮೇಲೆ ಕೂಸಿಗೆ ತಿನ್ನಿಸುವ ರಾಗಿ ಮಣ್ಣಿಯ ಡಬ್ಬಿ, ಕೈಬಟ್ಟೆ, ಹಾಲು ಕುಡಿಸುವ ಮೂತಿಯ ಬೆಳ್ಳಿ ಒಳಲೆ. ಒದ್ದೆಯಾದದ್ದನ್ನು ಸುತ್ತಲು ಪಕ್ಕಕ್ಕೆ ರಬ್ಬರ್ ಶೀಟು. ಎಲ್ಲದರ ಮೇಲೆ, ತಕ್ಷಣ ಕೈಗೆ ಸಿಗುವಂತೆ, ಒಂದು ಒಣಬಟ್ಟೆ.

"ಹಸಿವು, ಉಚ್ಚೆ ಎರಡೂ ಹೇಳಿ ಕೇಳಿ ಬತ್ತಿಲ್ಲೆ ತಮಾ," ಎಂದಳು ಆಯಿ. "ಕೂಸಿನ ಚೀಲ ಹೇಳಿರೆ ಕಣ್ಣು ಮುಚ್ಚಿ ಕೈಹಾಕಿರೂ ಬೇಕಪ್ಪದು ಸಿಗವು. ನೀನು ನಡುವಿಂದ ಎಳೆಯಡ."

ಒಂದು ಬಜೆಯ ಬೇರು, ಕಾಡಿಗೆಯ ಕರಡಿಗೆ, ದೃಷ್ಟಿಯಾಗದಿರಲಿ ಎಂದು ಒಂದು ಕಬ್ಬಿಣದ ಚೂರು ಮೂಲೆ ಸೇರಿದವು. ಇತ್ತ ಸಿದ್ದಾಪುರ ಅತ್ತ ಶಿರಸಿ ದಾಟಿ ಹೆಚ್ಚೇನೂ ತಿರುಗಾಡದ ಹೆಂಗಸು ನನ್ನ ಆಯಿ. ಆದರೂ ಒಂದು ಎಳೇ ಜೀವ ಮನೆಯಿಂದ ಹೊರಬಿದ್ದರೆ ಎಲ್ಲೆಲ್ಲಿ ಏನೇನು ಎದುರಾಗುತ್ತದೆ ಎಂಬುದೆಲ್ಲ ಅವಳ ಬೆರಳಿಗೆ ಗೊತ್ತಿತ್ತು. ದೇವರಕೋಣೆಯಲ್ಲಿ ಕೂತಾಗಲೂ ನನಗೆ ಅಷ್ಟು ಭಕ್ತಿ ಬಂದದ್ದಿಲ್ಲ.

ಇನ್ನು ಚೀಲದ ವಿಷಯ ಹೇಳಬೇಕು. ಆಗ ಶಿರಸಿಯ ಒಂದು ಬಟ್ಟೆ ಅಂಗಡಿಯವರು ಮದುವೆ ಜವಳಿ ತೆಗೆದವರಿಗೆಲ್ಲ ಖಾಕಿ ಬಣ್ಣದ ದಪ್ಪ ಕ್ಯಾನ್ವಾಸ್ ಚೀಲ ಕೊಡುತ್ತಿದ್ದರು. ಮೇಲೆ ಮುಚ್ಚಲು ಗುಂಡಿ, ಹಿಡಿಯಲು ಎರಡು ಹಿಡಿಕೆ. ನಮ್ಮ ಕಡೆ ಮದುವೆಯಾಗದ ಮನೆಯಿಲ್ಲ, ಹಾಗಾಗಿ ಆ ಚೀಲವಿಲ್ಲದ ಮನೆಯೂ ಇಲ್ಲ. ಬಸ್ಸಿನಲ್ಲಿ ಅದಲುಬದಲಾಗದಿರಲಿ ಎಂದು ಬುದ್ಧಿವಂತರು ಹಿಡಿಕೆಗೆ ಗುರುತಿನ ಬಟ್ಟೆಚೂರು ಕಟ್ಟುತ್ತಿದ್ದರು. ನಮ್ಮ ಜನ ಬುದ್ಧಿವಂತಿಕೆಯಲ್ಲಿ ಒಬ್ಬರಿಗಿಂತ ಒಬ್ಬರು ಕಡಿಮೆಯಲ್ಲ. ಕಟ್ಟಿದವರೆಲ್ಲ ಎದ್ದು ಕಾಣಲಿ ಎಂದು ಕೆಂಪು ಬಟ್ಟೆಯನ್ನೇ ಕಟ್ಟಿದ್ದರು. ನಮ್ಮ ಚೀಲಕ್ಕೂ ಒಂದು ಕೆಂಪು ಚೂರಿತ್ತು.

ಬೆಳಿಗ್ಗೆ ಗೌಸ್‌ನ ಟೆಂಪೋದಲ್ಲಿ ಹೊರಟೆವು. ಗೌಸ್ ಶಿರಸಿಯವನು. ಸಿದ್ದಾಪುರದಿಂದ ಶಿರಸಿಗೆ ದಿನವೂ ಟೆಂಪೋ ಓಡಿಸುತ್ತಿದ್ದ, ದಾರಿಯ ಎಲ್ಲ ಮನೆಗಳ ನಾಯಿಗಳಿಗೂ ಅವನ ಪರಿಚಯವಿತ್ತು. ಮುಂದಿನ ಸೀಟಿನಲ್ಲಿ ನಮ್ಮೂರ ಕಡೆಯ ಪುರೋಹಿತರಾದ ಭಟ್ಟರು ಕೂತಿದ್ದರು. ಮಡಿಯಲ್ಲಿ ಬಹಳ ಬಿಗಿ ಎಂದು ಅವರ ಹೆಸರು. ಅವರ ಎದುರು ಊಟದ ಎಲೆ ತುಸು ವಾರೆಯಾದರೂ ಬಡಿಸುವವರು ಬಡಿಸುವುದು ಬಿಟ್ಟು ಮೊದಲು ಅದನ್ನು ನೆಟ್ಟಗೆ ಮಾಡುತ್ತಿದ್ದರು. ಕೂಸು ಹಿಂದಿನಿಂದ ಅವರ ಶಾಲು ಹಿಡಿದು ಎಳೆಯಿತು. ಅವರು ಮೆಲ್ಲಗೆ ಬಿಡಿಸಿಕೊಂಡು ಕಿಟಕಿಯ ಕಡೆ ಸರಿದರು. ಚೀಲಗಳನ್ನೆಲ್ಲ ಗೌಸ್ ಹಿಂದೆ ಒಟ್ಟಿಗೆ ಇಟ್ಟಿದ್ದ. ಶಿರಸಿಯಲ್ಲಿ ಇಳಿದಾಗ ಭಟ್ಟರಿಗೆ ಮುಂದಿನ ಬಸ್ಸಿನ ಅವಸರ, ನಮಗೆ ಪರೀಕ್ಷೆಯ ಅವಸರ. ಕೆಂಪು ಚೂರು ಕಂಡಿತು, ನಾನು ಚೀಲ ಎತ್ತಿಕೊಂಡೆ.

ಭಾರತಿ ಕೂಸಿಗೆ ಹಾಲು ಕೊಟ್ಟು, ಅದರ ನೆತ್ತಿ ಮೂಸಿ, ತಿರುಗಿ ನೋಡದೆ ಕಾಲೇಜಿನ ಒಳಗೆ ಹೋದಳು. ಆವರಣದ ಹೊರಗೆ, ಗೋಡೆಯ ಆಚೆ, ಒಂದು ಹಲಸಿನ ಮರದ ಬುಡ ಹುಡುಕಿ ನಾನು ಕೂತೆ. ಸ್ವಲ್ಪ ಹೊತ್ತಿಗೆ ತೊಡೆ ಬೆಚ್ಚಗಾಯಿತು. ಆಯಿ ಹೇಳಿದಂತೆ ಕಣ್ಣು ಮುಚ್ಚಿಯೇ ಚೀಲಕ್ಕೆ ಕೈಹಾಕಿದೆ. ಕೈಗೆ ಸಿಕ್ಕಿದ್ದು ತೆಂಗಿನಕಾಯಿ.

ಕಣ್ಣು ಬಿಟ್ಟು ಒಂದೊಂದೇ ಹೊರಗಿಟ್ಟೆ. ತಾಮ್ರದ ಪಂಚಪಾತ್ರೆ, ಅದರ ಜೊತೆಗಿನ ಪುಟ್ಟ ಚಮಚ ಉದ್ಧರಣೆ, ಒಂದು ಗಂಟೆ, ಹತ್ತಿಯ ಉಂಡೆ, ಬಾಳೆಹಣ್ಣು, ಜೇನುತುಪ್ಪದ ಸೀಸೆ, ದರ್ಭೆ. ಮಡಿಸಿಟ್ಟ ಎರಡು ಪಂಚೆ, ವರ್ಷಗಟ್ಟಲೆ ಒಗೆದು ಹೂವಿನಷ್ಟು ಮೆತ್ತಗಾದವು. ಯಾರದ್ದೆಂದು ಯೋಚಿಸಬೇಕಾಗಲಿಲ್ಲ. ಆ ಹೊತ್ತಿಗೆ ಭಟ್ಟರು ಯಾವುದೋ ಊರಿನ ಪೂಜೆಯಲ್ಲಿ ನನ್ನ ಮಗಳ ಉಚ್ಚೆಬಟ್ಟೆ ಬಿಚ್ಚುತ್ತಿರಬೇಕು ಎಂದು ನೆನೆದೇ ಬೆವರಿದೆ.

ಕೂಸನ್ನು ಎತ್ತಿಕೊಂಡು ಟೆಂಪೋ ನಿಲ್ಲುವಲ್ಲಿಗೆ ಓಡಿದೆ. ಗೌಸ್ ಎಲ್ಲ ಕೇಳಿಕೊಂಡು, "ಭಟ್ರು ದಾಸನಕೊಪ್ಪಕ್ಕೆ ಹೋಗ್ಯಾರೆ, ಸಂಜೀ ತನಕ ಸಿಗೂದಿಲ್ಲ," ಎಂದ. ತಾನೇ ಹೋಗಿ ಹಾಲು ತುಂಬಿದ ಹೊಸ ಬಾಟಲಿ, ಕೂಸಿಗೆ ಸುತ್ತಲು ಒಂದು ಹೊಸಬಟ್ಟೆ ತಂದುಕೊಟ್ಟ. ಕೂಸು ಅದರ ರಬ್ಬರಿಗೆ ನಾಲಿಗೆ ತಾಗಿಸಿ, ನನ್ನ ಮುಖವನ್ನೊಮ್ಮೆ ನೋಡಿ, ಉಗುಳಿತು. ಅಂಗಡಿಯ ಹೊಸಬಟ್ಟೆ ಗಂಜಿಗೆ ಸೆಟೆದು ನಿಂತಿತ್ತು. ಒದ್ದೆ ಲಂಗೋಟಿಯಲ್ಲೇ ಇದ್ದ ಕೂಸಿನ ತುಟಿ ನಡುಗಲು ಶುರುವಾಯಿತು.

"ಆ ಪಂಚೆ ತಗೀರಿ ಅಣ್ಣಾ," ಎಂದ ಗೌಸ್.

"ಅದು ದೇವರ ಕೆಲಸದ್ದು ಮಾರಾಯ. ಭಟ್ಟರ ಮಡಿ."

"ದೇವ್ರ ಸಾಮಾನಿಗಿಂತ ಚೊಕ್ಕ ಸಾಮಾನು ಈ ಬಾಜಾರದಾಗೆ ಎಲ್ಲಿ ಸಿಗ್ತದೆ? ಕೂಸು ಅತ್ರೆ ಅಕ್ಕ ಎದ್ದು ಬರ್ತಾರಂತ ನೀವೇ ಹೇಳ್ತೀರಿ."

ಹೋಟೆಲಿನಿಂದ ಕುದಿಸಿದ ನೀರು ತಂದು ಗೌಸ್ ತನ್ನ ಪಾಳಿಗೆ ಹೊರಟ. ನಾನು ಹಲಸಿನ ಬುಡಕ್ಕೆ ಮರಳಿ ಭಟ್ಟರ ಪಂಚೆ ಹಾಸಿ ಕೂಸನ್ನು ಮಲಗಿಸಿದೆ. ಇನ್ನೊಂದು ಪಂಚೆಯನ್ನು ಹರಿಯದೆ ನಾಲ್ಕು ಮಡಿಕೆ ಮಾಡಿ ಸುತ್ತಿದೆ. ಪಂಚಪಾತ್ರೆಗೆ ಬಿಸಿನೀರು ಹಾಕಿ, ಹತ್ತಿ ಅದ್ದಿ ಒರೆಸಿದೆ. ನೀರು ಚೆಲ್ಲಿ ಪಾತ್ರೆ ತೊಳೆದು, ಬಾಳೆಹಣ್ಣು ಕಿವುಚಿ, ಉದ್ಧರಣೆಯಿಂದ ಹನಿಹನಿಯಾಗಿ ಬಾಯಿಗೆ ಇಟ್ಟೆ. ಜೇನು ಮುಟ್ಟಲಿಲ್ಲ, ಯಾಕೋ ಅದೊಂದು ದೇವರಿಗೇ ಇರಲಿ ಅನ್ನಿಸಿತು. ಕೂಸು ಒಂದೊಂದು ಚಮಚಕ್ಕೂ ಬಾಯಿ ಚಪ್ಪರಿಸಿ, ಇನ್ನೂ ಎಂಬಂತೆ ನೋಡುತ್ತಿತ್ತು.

ಆಗ ನನಗೆ ಒಂದು ವಿಚಿತ್ರ ಹೊಳೆಯಿತು, ಇವತ್ತಿಗೂ ಅದನ್ನು ಹೇಳುವಾಗ ಮೈ ಜುಮ್ಮೆನ್ನುತ್ತದೆ. ಆಯಿಯ ಚೀಲದಲ್ಲಿ ಇದ್ದದ್ದೆಲ್ಲ ಇಲ್ಲಿಯೂ ಇತ್ತು. ಮೆತ್ತನೆ ಬಟ್ಟೆ, ಶುದ್ಧ ನೀರಿನ ಪಾತ್ರೆ, ಹನಿಯಾಗಿ ಕೊಡಲು ಒಂದು ಚಮಚ, ತಿನ್ನಲು ಮೆತ್ತಗಿನದು, ಮನಸ್ಸು ಸೆಳೆಯಲು ಒಂದು ಸದ್ದು. ಮೀಯಿಸುವುದು, ಉಡಿಸುವುದು, ಉಣಿಸುವುದು, ಮಲಗಿಸುವುದು. ದೇವರಿಗೆ ಇದನ್ನೆಲ್ಲ ಮಾಡಬೇಕು ಎಂದು ಮೊದಲು ಹೇಳಿದವನು ಯಾರೋ ಗೊತ್ತಿಲ್ಲ, ಅವನ ಮನೆಯಲ್ಲಿ ಒಂದು ಕೂಸು ಇದ್ದಿರಲೇಬೇಕು. ಮಾತು ಬಾರದ್ದು, ಬೇಕಾದ್ದು ಕೇಳದ್ದು, ಸಿಟ್ಟು ಬಂದರೆ ಊರು ನಡುಗಿಸುವುದು. ಹಲಸಿನ ಮರದ ಕೆಳಗೆ ನಾನು ಬೆರಗಾಗಿ ಕೂತಿದ್ದೆ.

ಕೂಸು ಮುಖ ಹುಳ್ಳಗೆ ಮಾಡಿದಾಗಲೆಲ್ಲ ಗಂಟೆಯನ್ನು ಮೆಲ್ಲಗೆ ಅಲ್ಲಾಡಿಸಿದೆ. ಅದು ಬೊಚ್ಚು ಬಾಯಿ ಬಿಟ್ಟು ನಗುತ್ತಿತ್ತು. ದಾರಿಯಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬಳು ಚಪ್ಪಲಿ ಬಿಟ್ಟು ಕೈಮುಗಿದು ಹೋದಳು.

ಮಧ್ಯಾಹ್ನ ಹೊರಗೆ ಬಂದ ಭಾರತಿ ಕೂಸನ್ನು ಎದೆಗೆ ಹಚ್ಚಿಕೊಂಡು ಗೋಡೆಗೆ ಒರಗಿದಳು. "ಹತ್ರದಲ್ಲಿ ಯಾವ್ದೋ ದೇವಸ್ಥಾನ ಇದ್ದು ಕಾಣ್ತು. ಗಂಟೆ ಹೊಡಿತಾ ಇತ್ತು," ಎಂದಳು. "ಈ ಪಂಚೆ ಯಾರದ್ದು?"

"ಆಯಿ ಇಟ್ಟಿದ್ದು," ಎಂದೆ. ಎರಡನೇ ಪೇಪರು ಮುಗಿಯುವ ತನಕ ಚೀಲದ ಸುದ್ದಿ ಅವಳ ತಲೆಗೆ ಹೋಗುವುದು ಬೇಡವಾಗಿತ್ತು.

ಮಧ್ಯಾಹ್ನದ ಪಾಳಿಯಲ್ಲಿ ನನ್ನ ಪೂಜೆ ನಡೆಯಲಿಲ್ಲ. ಬಿಸಿಲು ಏರಿತು, ನೆರಳು ಸರಿಯಿತು, ಕೂಸಿಗೆ ತಾಯಿ ಮತ್ತೆ ಮಾಯವಾದದ್ದು ಗೊತ್ತಾಯಿತು. ಅದು ಅತ್ತಿತು. ಗಂಟೆಗೆ ಕೇಳಲಿಲ್ಲ, ಹಣ್ಣಿಗೆ ಕೇಳಲಿಲ್ಲ. ಹೆಗಲ ಮೇಲೆ ಹಾಕಿಕೊಂಡು ಗೋಡೆಯಿಂದ ದೂರ, ರಸ್ತೆ ದಾಟಿ, ಇನ್ನೂ ದೂರ ಓಡಿದೆ. ಕಿರಿಚಿ ಕಿರಿಚಿ ಅದರ ದನಿ ಒಡೆಯಿತು. ಯಾರೋ ಹೆಂಗಸರು ನಿಂತು, "ಇದರ ಆಯಿ ಎಲ್ಲಿ?" ಎಂದು ಕೇಳಿದರು. ಒಂದು ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತು, ಬೇರೇನೂ ತೋಚದೆ, ಕೂಸಿನ ಜೊತೆ ನಾನೂ ಅತ್ತೆ. ಯಾವಾಗಲೋ ಅದು ಸುಸ್ತಾಗಿ ನನ್ನ ಕುತ್ತಿಗೆಗೆ ಒರಗಿ ನಿದ್ದೆ ಹೋಯಿತು.

ಪರೀಕ್ಷೆ ಮುಗಿದಾಗ ಭಾರತಿ ಎಲ್ಲರಿಗಿಂತ ಕಡೆಗೆ ಹೊರಬಂದಳು, ಸೆರಗನ್ನು ಮೈತುಂಬ ಹೊದ್ದುಕೊಂಡು. ಬಂದವಳೇ ಕೂಸನ್ನು ಕಸಿದುಕೊಂಡಳು. ಕೊನೆಯವರೆಗೆ ಬರೆದೆಯಾ ಎಂದು ಕೇಳಿದೆ. ಬರೆದೆ ಎಂದು ತಲೆಯಾಡಿಸಿದಳು. ಗೆದ್ದೆ ಅಂದುಕೊಂಡೆ.

ಸಂಜೆ ಗೌಸ್‌ನ ಟೆಂಪೋದ ಹತ್ತಿರ ಭಟ್ಟರು ಚೀಲ ಹಿಡಿದು ನಿಂತಿದ್ದರು. ನಾನು ದೂರವೇ ನಿಂತೆ. ಅವರೇ ಬಂದರು.

"ಸಭೆಲ್ಲಿ ಚೀಲ ಬಿಚ್ಚಿದೆ," ಎಂದರು. "ಮೊದ್ಲು ಬಟ್ಟೆ, ಆಮೇಲೆ ಮಣ್ಣಿ, ಕಡಿಗೆ ಕುಲಾಯಿ. ಆ ಮನೆ ಯಜಮಾನ್ತಿ, 'ಭಟ್ರ, ದೇವ್ರಿಗೆ ಟೊಪ್ಪಿಗಿ ತಂದೀರೇನ್ರಿ' ಹೇಳಿ ಕೇಳ್ತು."

ಗೌಸ್ ಆಚೆ ತಿರುಗಿ ಕೆಮ್ಮಿದ.

"ಪಾತ್ರೆ, ಗಂಟೆ ಅವರ ಮನೆಲ್ಲೇ ಇತ್ತು. ಉದ್ಧರಣೆ ಇತ್ತಿಲ್ಲೆ. ನಿನ್ನ ಒಳಲೆ ತೊಳೆದು ತೀರ್ಥ ಅದ್ರಲ್ಲೇ ಕೊಟ್ಟೆ. ಒಂದು ಹನಿ ಆಚೀಚೆ ಬಿದ್ದಿದ್ದಿಲ್ಲೆ ಮಾರಾಯ."

ನಾನು ತಲೆ ತಗ್ಗಿಸಿ ಪಂಚೆಯ ಕಥೆ, ಉದ್ಧರಣೆಯ ಕಥೆ ಎಲ್ಲ ಹೇಳಿದೆ. ಭಟ್ಟರು ಒದ್ದೆ ಪಂಚೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಹಿಂಡಿ, ನಿಧಾನವಾಗಿ ಮಡಚಿದರು. ಬೈಗುಳ ಬರುತ್ತದೆ ಎಂದು ಕಾದೆ.

"ಅಡ್ಡಿಲ್ಲೆ. ತೊಳೆದ್ರೆ ಆತು," ಎಂದರು. "ಕೂಸು ಸುಖಲ್ಲಿ ಮನಗಿತ್ತಾ?"

ಚೀಲದ ಸುದ್ದಿ ಭಾರತಿಗೆ ತಿಳಿದದ್ದು ಆಗ. ಅವಳು ನಕ್ಕಳು, ಟೆಂಪೋ ಕಾನಸೂರು ಮುಟ್ಟುವ ತನಕ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಪರೀಕ್ಷೆಯ ದಣಿವು ಎಂದುಕೊಂಡೆ. ಅವಳು ಪಾಸಾದಳು. ಮುಂದೆ ಶಿಕ್ಷಕಿಯಾಗಿ ಇಡಗುಂದಿಯ ಕಡೆ ಬಹಳ ವರ್ಷ ಕಲಿಸಿದಳು.

ಇಲ್ಲಿಗೆ ನನ್ನ ಕಥೆ ಮುಗಿಯುತ್ತಿತ್ತು. ಭಟ್ಟರ ಚೀಲದಿಂದ ಕೂಸನ್ನು ಸಾಕಿ, ಅಳು ಕಿವಿಗೆ ಬೀಳದಂತೆ ಓಡಿ, ಹೆಂಡತಿಯನ್ನು ಬಿ.ಎ. ಮಾಡಿಸಿದ ಗಂಡನ ಕಥೆ. ಕೇಳಿದವರು ನಗುತ್ತಿದ್ದರು, ಭಾರತಿಯೂ ನಗುತ್ತಿದ್ದಳು.

ಮೊನ್ನೆ ಮಗಳು ಜಿಪ್ಪು ಮುಚ್ಚುತ್ತ ಕೈ ನಿಲ್ಲಿಸಿ ತಾಯಿಯನ್ನು ಕೇಳಿದಳು. "ಆಯೀ, ನಾಳೆ ಇದು ಹೊರಗೆ ಅತ್ರೆ ಯಂಗೆ ಒಳಗೆ ಕೇಳ್ತಾ?"

"ನಿನ್ನ ಆಯಿಗೆ ಕೇಳಿದ್ದಿಲ್ಲೆ," ಎಂದೆ ನಾನು, ಕಥೆಗೆ ಗಂಟಲು ಸರಿಮಾಡಿಕೊಳ್ಳುತ್ತ. "ಆನು ನಿನ್ನ ಹೊತ್ಕಂಡು ಅಷ್ಟ್ ದೂರ ಹೋಗಿದ್ದೆ."

ಭಾರತಿ ಹಳೇ ಸೀರೆಯ ಬಟ್ಟೆ ಮಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಕೇಳಿತ್ತು," ಎಂದಳು.

ಮೆಲ್ಲಗೆ ಆಡಿಸಿದ ಗಂಟೆ ಕೇಳಿದವಳಿಗೆ ಕಿರಿಚಿದ ಕೂಸು ಕೇಳದಿರಲು ಹೇಗೆ ಸಾಧ್ಯ ಎಂದು ಇಷ್ಟು ವರ್ಷದಲ್ಲಿ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

"ನೀ ಅಳದು ಶುರು ಮಾಡಿದ್ದು ಕೇಳಿತ್ತು. ದೂರ ಹೋಗಿದ್ದೂ ಕೇಳಿತ್ತು. ರವಿಕೆ ಎಲ್ಲಾ ನೆನೆದು ಹೋತು. ಎದ್ದು ನಿಂತಿದ್ದೆ, ಪೆನ್ನಿಗೆ ಕ್ಯಾಪೂ ಹಾಕಿದ್ದೆ," ಎಂದಳು ಮಗಳಿಗೆ.

"ಮತ್ತೆ?" ಎಂದೆ.

"ಮತ್ತೆ ಕೂತ್ಕಂಡೆ."

"ಎಂತಕ್ಕೆ?" ಎಂದಳು ಮಗಳು.

ಭಾರತಿ ಇನ್ನೊಂದು ಬಟ್ಟೆ ಎತ್ತಿಕೊಂಡಳು. "ಹೊರಗೆ ನಿನ್ನ ಅಪ್ಪಯ್ಯ ಇದ್ದಿದ್ನಲ," ಎಂದಳು, ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ ಎಂಬಂತೆ.

ಆ ಹೊತ್ತಿಗೆ ನಾನು ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಮೂಗು ಒರೆಸಿಕೊಳ್ಳುತ್ತಿದ್ದೆ. ಅಂಥವನನ್ನು ನಂಬಿ ಅವಳು ಪೆನ್ನಿನ ಕ್ಯಾಪು ತೆಗೆದಿದ್ದಳು. ಒದ್ದೆ ರವಿಕೆಯ ಮೇಲೆ ಸೆರಗು ಹೊದ್ದು, ಮಗಳ ಅಳುವನ್ನು ಕೇಳುತ್ತ ಕೇಳುತ್ತ ಪುಟ ತುಂಬಿಸಿದ್ದಳು. ನಾನು ಗೆದ್ದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದಾಗ ಒಂದು ಸಲವೂ ತಿದ್ದಲಿಲ್ಲ. ಎದ್ದು ಹೋಗಿ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು ಬಂದೆ.

ಮರುದಿನ ಶಿರಸಿಯಲ್ಲಿ ಮಗಳು ಕೂಸನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಬಾಗಿಲಲ್ಲಿ ಒಮ್ಮೆ ನಿಂತಳು, ತಿರುಗಲಿಲ್ಲ. ತುಸು ಹೊತ್ತಿಗೆ ಮೊಮ್ಮಗಳು ಅಳಲು ಶುರು ಮಾಡಿದಳು. ಈ ಸಲ ನಾನು ದೂರ ಓಡಲಿಲ್ಲ. ಮಗಳು ಕೂತಿದ್ದ ಕೋಣೆಯ ಕಿಟಕಿಯ ಕೆಳಗೇ ನಿಂತು, ಬಾಯಿಗೆ ಬಂದ ಹಾಡನ್ನು ಬಂದ ರಾಗದಲ್ಲಿ ಗಟ್ಟಿಯಾಗಿ ಹಾಡುತ್ತ ಕೂಸನ್ನು ತೂಗಿದೆ. ಅಳು ಕೇಳಿಸುವುದಾದರೆ ಅದರ ಜೊತೆ ನನ್ನ ದನಿಯೂ ಒಳಗೆ ಕೇಳಿಸಲಿ ಎಂದು.